ಹತ್ತು ತಾಸಿನಿಂದ ಎಂಟು ತಾಸಿಗೆ: ಆಗ್ನೆಸ್ ನೆಸ್ಟರ್

ಸಂತರ ಜೀವನ ಚರಿತ್ರೆಗಳನ್ನು ನೀವು ಬಾಲ್ಯದಿಂದಲೂ ಓದಿದ್ದೀರಿ, ಕೇಳಿದ್ದೀರಿ. ಇಂದು ನಿಮ್ಮ ಮುಂದಿಡುತ್ತಿರುವುದು ಸಂತ ಪದವಿಗೇರದ ಒಬ್ಬ ಕಥೋಲಿಕ ಮಹಿಳೆಯ ಬದುಕು. ಆಕೆ ಕನ್ಯಾಮಠ ಸೇರಿದವಳಲ್ಲ, ಸಂಸಾರ ಹೂಡಿದವಳೂ ಅಲ್ಲ. ಅಮೆರಿಕದ ಷಿಕಾಗೋ ನಗರದ ಕಾರ್ಖಾನೆಯೊಂದರಲ್ಲಿ ಕೈಗವಸು ಹೊಲಿಯುತ್ತಿದ್ದವಳು. ಹೆಸರು ಆಗ್ನೆಸ್ ನೆಸ್ಟರ್.

ಆಗ್ನೆಸ್ ಹುಟ್ಟಿದ್ದು 1880ರ ಜೂನ್ 24ರಂದು, ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣದಲ್ಲಿ. ಐರ್ಲೆಂಡ್ ಮೂಲದ ತಂದೆ ಯಂತ್ರ ಕೆಲಸಗಾರ. ಊರ ರಾಜಕೀಯದಲ್ಲೂ ಹೆಸರು ಮಾಡಿದವರು, ಕಾರ್ಮಿಕ ಸಂಘಟನೆಯಲ್ಲಿ ನಂಬಿಕೆಯಿಟ್ಟವರು. 1890ರ ದಶಕದ ಆರ್ಥಿಕ ಕುಸಿತದಲ್ಲಿ ಅವರಿಗೆ ಕೆಲಸವಿಲ್ಲದಂತಾಯಿತು. ದುಡಿಮೆ ಹುಡುಕಿಕೊಂಡು ಸಂಸಾರ ಷಿಕಾಗೋಗೆ ಬಂತು. ಹೀಗೆ ಹದಿಹರೆಯದಲ್ಲೇ ಆಗ್ನೆಸ್ ಹೊಲಿಗೆ ಯಂತ್ರದ ಮುಂದೆ ಕುಳಿತಳು. ದಿನಕ್ಕೆ ಹತ್ತು ತಾಸು, ವಾರಕ್ಕೆ ಆರು ದಿನ ದುಡಿಮೆ. ಮೊದಲೇ ಆಕೆಯ ದೇಹ ಸೂಕ್ಷ್ಮ.

ಇನ್ನೊಂದು ಸಂಗತಿ ಕೇಳಿ. ಹೊಲಿಯುವ ಹುಡುಗಿಯರು ತಾವು ಕೂರುವ ಯಂತ್ರಕ್ಕೆ ವಾರಕ್ಕೆ ಐವತ್ತು ಸೆಂಟ್ ಬಾಡಿಗೆ ಕೊಡಬೇಕಿತ್ತು! ಸೂಜಿಯೂ ಅವರದೇ, ಯಂತ್ರಕ್ಕೆ ಹಾಕುವ ಎಣ್ಣೆಯೂ ಅವರದೇ ಖರ್ಚು. ಯಜಮಾನನ ಹೊಲದಲ್ಲಿ ಉಳುವ ಕೂಲಿಯಾಳು ನೇಗಿಲಿಗೂ ಬಾಡಿಗೆ ತೆತ್ತ ಹಾಗೆ. 1898ರಲ್ಲಿ ಹುಡುಗಿಯರು ಕೆಲಸ ಬಿಟ್ಟು ಹೊರಬಂದರು. ಅವರ ಮುಂದಾಳಾಗಿ ನಿಂತವಳು ಹದಿನೆಂಟರ ಆಸುಪಾಸಿನ ಆಗ್ನೆಸ್. ಸುಮಾರು ಹತ್ತು ದಿನ ಮುಷ್ಕರ ನಡೆಯಿತು. ಕೊನೆಗೆ ಯಂತ್ರದ ಬಾಡಿಗೆ ರದ್ದಾಯಿತು. 1902ರಲ್ಲಿ ಆಕೆ ಮಹಿಳೆಯರದೇ ಒಂದು ಸ್ಥಳೀಯ ಸಂಘ ಕಟ್ಟಿದಳು. ಅದೇ ವರ್ಷ ಕೈಗವಸು ಕೆಲಸಗಾರರ ಅಂತರರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಮುಂದೆ 1913ರಲ್ಲಿ ಅದರ ಅಧ್ಯಕ್ಷ ಸ್ಥಾನವೇ ಆಕೆಯ ಪಾಲಿಗೆ ಬಂತು.

ಆದರೆ ಒಂದು ಕಾರ್ಖಾನೆಯಲ್ಲಿ ಗೆದ್ದರೆ ಸಾಕೆ? ಪಕ್ಕದ ಲಾಂಡ್ರಿಯಲ್ಲಿ, ಹೋಟೆಲಿನಲ್ಲಿ ದುಡಿಯುವ ಹೆಂಗಸರ ಗತಿಯೇನು? ಕಾನೂನಿನ ಬೆಂಬಲವಿಲ್ಲದೆ ಅವರಿಗೆ ಬಿಡುಗಡೆಯಿಲ್ಲ ಎಂಬುದು ಆಗ್ನೆಸ್‌ಗೆ ಮನದಟ್ಟಾಯಿತು. ಅಂದಿನಿಂದ ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್ ಆಕೆಯ ಎರಡನೆಯ ಊರಾಯಿತು. ಶಾಸನಸಭೆಯ ಪಡಸಾಲೆಗಳಲ್ಲಿ ನಿಂತು, ಶಾಸಕರನ್ನು ಒಬ್ಬೊಬ್ಬರನ್ನಾಗಿ ಕಂಡು, ದುಡಿಯುವ ಹೆಣ್ಣುಮಕ್ಕಳ ಪಾಡನ್ನು ವಿವರಿಸಿ ಮನವೊಲಿಸುವುದು ಆಕೆಯ ಕೆಲಸ. ಇದನ್ನೇ ಲಾಬಿ ಎನ್ನುವುದು. ಇಂದು ಆ ಮಾತು ಕೇಳಿದರೆ ನಾವು ಹಣವಂತರ ಕೈವಾಡವೆಂದು ಮೂಗು ಮುರಿಯುತ್ತೇವೆ. ಆಗ್ನೆಸ್ ಬಳಿ ಹಣವಿರಲಿಲ್ಲ. ಸ್ವತಃ ಯಂತ್ರದ ಮುಂದೆ ಬೆನ್ನು ಬಗ್ಗಿಸಿದ ಅನುಭವವಿತ್ತು.

1909ರಲ್ಲಿ ಹೋಟೆಲುಗಳಲ್ಲಿ ಬಡಿಸುವ ಮಹಿಳೆಯರ ಸಂಘದವರು, ಎಲಿಜಬೆತ್ ಮಲೋನಿಯ ಮುಂದಾಳತ್ವದಲ್ಲಿ, ಹೆಂಗಸರಿಗೆ ದಿನಕ್ಕೆ ಎಂಟೇ ತಾಸು ದುಡಿಮೆ ಎಂಬ ಮಸೂದೆ ತಂದರು. ಆಗ್ನೆಸ್ ಅವರ ಜೊತೆ ನಿಂತಳು. ಕಾರ್ಖಾನೆ ಮಾಲೀಕರ ವಿರೋಧ ಬಲವಾಗಿತ್ತು. ಎಂಟು ತಾಸು ದಕ್ಕುವಂತಿರಲಿಲ್ಲ. ಹತ್ತು ತಾಸಿಗೆ ಒಪ್ಪಿದರೆ ಕಾನೂನು ಆಗುವಂತಿತ್ತು. ಅದೂ ಕಾರ್ಖಾನೆ ಮತ್ತು ಲಾಂಡ್ರಿಗಳಿಗೆ ಮಾತ್ರ. ಮಸೂದೆ ತಂದ ಹೋಟೆಲಿನ ಹೆಂಗಸರೇ ಹೊರಗುಳಿಯಬೇಕು!

ನೀವೇ ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಎಲ್ಲವೂ ಸಿಗದಿದ್ದರೆ ಏನೂ ಬೇಡವೆಂದು ಎದ್ದು ಬರುತ್ತಿದ್ದಿರಾ? ಸಿಕ್ಕಿದ್ದಕ್ಕೆ ತೃಪ್ತಿಪಟ್ಟು ಮನೆಗೆ ಹೋಗುತ್ತಿದ್ದಿರಾ? ಆಗ್ನೆಸ್ ಮತ್ತು ಗೆಳತಿಯರು ಎರಡನ್ನೂ ಮಾಡಲಿಲ್ಲ. ಸಿಕ್ಕಿದ್ದನ್ನು ತೆಗೆದುಕೊಂಡರು, ಉಳಿದದ್ದಕ್ಕಾಗಿ ಮತ್ತೆ ಬಂದರು. ಮಾಲೀಕರೊಬ್ಬರು ಕಾನೂನಿನ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಹಿಂದೆ 1895ರಲ್ಲಿ ಇಂಥದೇ ಒಂದು ಕಾನೂನನ್ನು ಇಲಿನಾಯ್‌ನ ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿತ್ತು. ಈ ಸಲ, 1910ರಲ್ಲಿ, ಎತ್ತಿಹಿಡಿಯಿತು. ಮರುವರ್ಷ, 1911ರಲ್ಲಿ, ಹೋಟೆಲು, ಅಂಗಡಿಗಳ ಹೆಂಗಸರೂ ಕಾನೂನಿನ ರಕ್ಷಣೆಗೆ ಒಳಪಟ್ಟರು. ಬಿಟ್ಟುಹೋದವರನ್ನು ಆಕೆ ಮರೆತಿರಲಿಲ್ಲ.

ಎಂಟು ತಾಸಿನ ಮಾತು? ಅದಕ್ಕಾಗಿ ವರ್ಷಗಟ್ಟಲೆ ಸ್ಪ್ರಿಂಗ್‌ಫೀಲ್ಡಿಗೆ ಅಲೆದಾಟ, ವರ್ಷಗಟ್ಟಲೆ ಸೋಲು. 1928ರಲ್ಲಿ ತಾನೇ ಶಾಸನಸಭೆಗೆ ಸ್ಪರ್ಧಿಸಿದಳು; ಅಲ್ಲೂ ಸೋಲು. ಆದರೂ ಕುಗ್ಗಲಿಲ್ಲ. 1937ರಲ್ಲಿ ಎಂಟು ತಾಸಿನ ಕಾನೂನು ಜಾರಿಗೆ ಬಂತು. ಮೊದಲ ಮಸೂದೆಯಿಂದ ಲೆಕ್ಕ ಹಾಕಿ: ಇಪ್ಪತ್ತೆಂಟು ವರ್ಷ!

ಈ ನಡುವೆ ಆಕೆ ಸುಮ್ಮನೆ ಕುಳಿತಿರಲಿಲ್ಲ. 1913ರಿಂದ ಸಾಯುವವರೆಗೂ ಷಿಕಾಗೋದ ಮಹಿಳಾ ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷೆಯಾಗಿದ್ದಳು. ಬಡಮಕ್ಕಳು ಕಸುಬು ಕಲಿಯಬೇಕೆಂಬುದು ಆಕೆಯ ಇನ್ನೊಂದು ಹಂಬಲ. 1914ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ವೃತ್ತಿಶಿಕ್ಷಣದ ಆಯೋಗಕ್ಕೆ ಆಕೆಯನ್ನು ನೇಮಿಸಿದರು. ಆ ಆಯೋಗದ ಶಿಫಾರಸಿನ ಫಲವಾಗಿ 1917ರಲ್ಲಿ ಬಂದ ಸ್ಮಿತ್-ಹ್ಯೂಸ್ ಕಾಯಿದೆಯಿಂದ ಕಸುಬು ಕಲಿಸುವ ಶಾಲೆಗಳಿಗೆ ಕೇಂದ್ರ ಸರ್ಕಾರದ ಹಣ ಹರಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿಯೂ, 1930ರ ದಶಕದ ನಿರುದ್ಯೋಗದ ದಿನಗಳಲ್ಲಿಯೂ ಸೇವಾ ಸಮಿತಿಗಳಲ್ಲಿ ದುಡಿದಳು. ಕಾರ್ಖಾನೆಯಲ್ಲೇ ಬದುಕಿನ ಪಾಠ ಕಲಿತ ಈಕೆಗೆ 1929ರಲ್ಲಿ ಯೇಸುಸಭೆಯವರ ಲೊಯೋಲಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1948ರ ಡಿಸೆಂಬರ್ 28ರಂದು ಆಗ್ನೆಸ್ ಕಣ್ಣುಮುಚ್ಚಿದಳು. ಆಕೆಯ ಆತ್ಮಕಥೆ ಬೆಳಕು ಕಂಡದ್ದು 1954ರಲ್ಲಿ.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ರೇರುಂ ನೊವಾರುಂ ಎಂಬ ವಿಶ್ವಪತ್ರದಲ್ಲಿ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆಯೆಂದು, ನ್ಯಾಯವಾದ ಕೂಲಿ ಮತ್ತು ವಿರಾಮ ಸಲ್ಲಬೇಕೆಂದು ಬೋಧಿಸಿದರು. ಅಂದು ಆಗ್ನೆಸ್ ಹತ್ತರ ಬಾಲೆ. ಶ್ರೀಸಭೆ ಬೋಧಿಸಿದ್ದು ಆಕೆಯ ಬದುಕಿನಲ್ಲಿ ಕೆಲಸವಾಗಿ ಮೂಡಿತು.

ಪ್ರಿಯ ಓದುಗರೇ, ಬಡಗಿ ಜೋಸೆಫರ ಮನೆಯಲ್ಲಿ ಬೆಳೆದ ಪ್ರಭುವನ್ನು ನಾವು ಆರಾಧಿಸುತ್ತೇವೆ. ಹಾಗಾದರೆ ನಮ್ಮ ಮನೆಗೆಲಸದವಳು ಎಷ್ಟು ತಾಸು ದುಡಿಯುತ್ತಾಳೆ? ನಮ್ಮ ಅಂಗಡಿಯ ಹುಡುಗನಿಗೆ ಭಾನುವಾರದ ಬಲಿಪೂಜೆಗೋ, ಅವನ ಮನೆಯವರ ಜೊತೆ ಕೂತು ಉಣ್ಣಲಿಕ್ಕೋ ಬಿಡುವು ಸಿಗುತ್ತದೆಯೇ? ಇಂದು ಸಂಜೆ ಜಪಸರಕ್ಕೆ ಮನೆಮಂದಿಯೆಲ್ಲ ಕೂಡಿದಾಗ ಈ ಪ್ರಶ್ನೆಯನ್ನೂ ಮುಂದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಆಕೆ ಬಾಗಿಲು ತಟ್ಟಿದಾಗ ಉತ್ತರ ಕೊಡಿ.