ಬೆಳದಿಂಗಳಲ್ಲಿ ಪಳಗಿದ ಹಾಕಿ ಮಾಂತ್ರಿಕ ಮೇಜರ್ ಧ್ಯಾನ್‌ಚಂದ್

ಹೊಸಪೇಟೆಯ ಚಿತ್ತವಾಡ್ಗಿಯಿರಲಿ, ಬೆಂಗಳೂರಿನ ಬಡಾವಣೆಯಿರಲಿ, ಸಂಜೆಯ ಬಯಲಿನಲ್ಲಿ ಇಂದು ಹೆಚ್ಚಾಗಿ ಕಾಣುವುದು ಕ್ರಿಕೆಟ್ ಬ್ಯಾಟು. ಆದರೆ ಕ್ರಿಕೆಟ್‌ನಲ್ಲಿ ಭಾರತ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲೇ ಜಗತ್ತು ಈ ದೇಶವನ್ನು ಹಾಕಿ ಕೋಲಿನಿಂದ ಗುರುತಿಸುತ್ತಿತ್ತು. ಆ ಕೀರ್ತಿಯ ಸಿಂಹಪಾಲು ಸಲ್ಲಬೇಕಾದುದು ಒಬ್ಬ ಸಾಮಾನ್ಯ ಸಿಪಾಯಿಗೆ. ಆತನೇ ಧ್ಯಾನ್‌ಚಂದ್.

ಹಾಕಿ ಎಂಬ ಹೆಸರಿನಲ್ಲಿ ಹಲವು ಆಟಗಳಿವೆ. ಲಡಾಖ್‌ನಂತಹ ಶೀತ ಪ್ರದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲಿ ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ ಇರುತ್ತದೆ. ಒಂದೊಂದು ಕಡೆ ಆರು ಮಂದಿ ಕಣದಲ್ಲಿರುತ್ತಾರೆ. ಗಾಲಿ ಕಟ್ಟಿಕೊಂಡು ಆಡುವ ರೋಲರ್ ಹಾಕಿ, ಛಾವಣಿಯ ಕೆಳಗಿನ ಒಳಾಂಗಣ ಹಾಕಿ ಇವೆ. ಐದೈದು ಮಂದಿ ಆಡುವ ಫೈವ್ಸ್ ಹಾಕಿಯ ಮೊದಲ ವಿಶ್ವಕಪ್ 2024ರಲ್ಲಿ ಒಮಾನ್‌ನ ಮಸ್ಕತ್‌ನಲ್ಲಿ ನಡೆಯಿತು. ಭಾರತೀಯರು ಹಾಕಿ ಎಂದಾಗ ಮನಸ್ಸಿಗೆ ಬರುವುದು ಮಾತ್ರ ಹನ್ನೊಂದು ಮಂದಿಯ ಮೈದಾನದ ಹಾಕಿ. ಗೋಲಿನ ಮುಂದಿರುವ ಅರ್ಧವೃತ್ತದೊಳಗಿನಿಂದ ಹೊಡೆದ ಚೆಂಡಿಗಷ್ಟೇ ಅಲ್ಲಿ ಗೋಲಿನ ಮಾನ್ಯತೆ. ಆ ಅರ್ಧವೃತ್ತವೇ ಧ್ಯಾನ್‌ಚಂದ್ ಅವರ ಸಾಮ್ರಾಜ್ಯವಾಗಿತ್ತು.

ಸಿಪಾಯಿಯ ಮಗ ಸಿಪಾಯಿ

1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ, ಇಂದಿನ ಪ್ರಯಾಗ್‌ರಾಜ್‌ನಲ್ಲಿ, ಧ್ಯಾನ್ ಸಿಂಗ್ ಜನಿಸಿದರು. ತಂದೆ ಬ್ರಿಟಿಷ್ ಭಾರತೀಯ ಸೇನೆಯಲ್ಲಿದ್ದರು. ತಂದೆಗೆ ಪದೇ ಪದೇ ವರ್ಗವಾಗುತ್ತಿದ್ದುದರಿಂದ ಮಗನ ಓದು ಆರು ವರ್ಷಕ್ಕೇ ನಿಂತಿತು. ಕೊನೆಗೆ ಕುಟುಂಬ ನೆಲೆ ನಿಂತದ್ದು ಝಾನ್ಸಿಯಲ್ಲಿ. ಬಾಲ್ಯದಲ್ಲಿ ಅವರಿಗೆ ಕುಸ್ತಿಯ ಒಲವಿತ್ತೇ ಹೊರತು ಹಾಕಿಯ ಹುಚ್ಚು ಇರಲಿಲ್ಲ.

1922ರಲ್ಲಿ ಸೇನೆಗೆ ಸೇರಿದ ಮೇಲೆ ಸುಬೇದಾರ್ ಮೇಜರ್ ಬಾಲೆ ತಿವಾರಿ ಆಟದ ಮೊದಲ ಪಾಠಗಳನ್ನು ಕಲಿಸಿದರು. ಹಗಲೆಲ್ಲ ಸಿಪಾಯಿಯ ಚಾಕರಿ. ಮೈದಾನಕ್ಕೆ ದೀಪಗಳಿಲ್ಲದ ಕಾಲ. ರಾತ್ರಿ ಚಂದ್ರ ಮೂಡುವುದನ್ನು ಕಾದು ಅಭ್ಯಾಸಕ್ಕಿಳಿಯುತ್ತಿದ್ದ ಈ ಯುವಕನಿಗೆ ಜೊತೆಗಾರರು ಚಂದ್ ಎಂಬ ಹೆಸರು ಸೇರಿಸಿದರು ಎಂಬುದು ಪ್ರಚಲಿತ ಸಂಗತಿ.

1926ರಲ್ಲಿ ಭಾರತೀಯ ಸೇನೆಯ ತಂಡ ನ್ಯೂಜಿಲೆಂಡ್ ಪ್ರವಾಸ ಕೈಗೊಂಡಿತು. ಆಡಿದ 21 ಪಂದ್ಯಗಳಲ್ಲಿ 18ನ್ನು ಗೆದ್ದು ಒಂದನ್ನಷ್ಟೇ ಸೋತು ಮರಳಿತು. ಆ ತಂಡದ ಸಿಪಾಯಿ ಧ್ಯಾನ್‌ಚಂದ್‌ಗೆ ಲ್ಯಾನ್ಸ್ ನಾಯಕ್ ಹುದ್ದೆ ದೊರೆಯಿತು. ಮನೆತನದ ಬೆಂಬಲವಾಗಲಿ, ವಿದ್ಯೆಯ ಬಲವಾಗಲಿ ಇಲ್ಲದವನಿಗೆ ಹಾಕಿ ಕೋಲೇ ಏಣಿಯಾಯಿತು.

ಮೂರು ಒಲಿಂಪಿಕ್ಸ್, ಮೂರು ಚಿನ್ನ

1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ಗೆ ಹೊರಟ ಭಾರತ ತಂಡದ ನಾಯಕ ಜೈಪಾಲ್ ಸಿಂಗ್. ಐದು ಪಂದ್ಯಗಳಲ್ಲಿ ಭಾರತ 29 ಗೋಲು ಗಳಿಸಿತು. ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಅವುಗಳಲ್ಲಿ 14 ಗೋಲುಗಳು ಧ್ಯಾನ್‌ಚಂದ್ ಅವರವು.

1932ರ ಲಾಸ್ ಏಂಜಲೀಸ್ ಕೂಟ ನಡೆದದ್ದು ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. ಹಾಕಿಗೆ ಬಂದದ್ದು ಮೂರೇ ತಂಡಗಳು. ಅಮೆರಿಕದ ವಿರುದ್ಧ ಭಾರತದ ಗೆಲುವು 24-1 ಗೋಲುಗಳದು. ತಮ್ಮ ರೂಪ್ ಸಿಂಗ್ 10, ಅಣ್ಣ ಧ್ಯಾನ್‌ಚಂದ್ 8 ಗೋಲು ಹೊಡೆದರು.

1936ರ ಬರ್ಲಿನ್ ಕೂಟಕ್ಕೆ ಧ್ಯಾನ್‌ಚಂದ್ ಅವರೇ ನಾಯಕ. ಅಭ್ಯಾಸ ಪಂದ್ಯದಲ್ಲಿ ಜರ್ಮನಿಯ ಎದುರು 1-4ರಿಂದ ಸೋತದ್ದು ತಂಡದ ನಿದ್ದೆಗೆಡಿಸಿತ್ತು. ದಾರಾ ಅವರನ್ನು ಭಾರತದಿಂದ ತುರ್ತಾಗಿ ಕರೆಸಿಕೊಳ್ಳಲಾಯಿತು. ಫೈನಲ್‌ನಲ್ಲಿ ಎದುರಾದದ್ದು ಅದೇ ಜರ್ಮನಿ. ಪಂದ್ಯಕ್ಕೆ ಮುನ್ನ ತಂಡದ ಕೋಣೆಯಲ್ಲಿ ಪಂಕಜ್ ಗುಪ್ತಾ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹೊರತೆಗೆದರು. ಬ್ರಿಟಿಷ್ ಭಾರತದ ಹೆಸರಿನಲ್ಲಿ ಆಡಬೇಕಿದ್ದ ಆಟಗಾರರು ಅದಕ್ಕೆ ವಂದಿಸಿ ಕಣಕ್ಕಿಳಿದರು. ನಾಯಕ ಆಗ ಬ್ರಿಟಿಷ್ ಸೇನೆಯ ಸಂಬಳದಾಳು ಎಂಬುದನ್ನು ನೆನೆದರೆ ಆ ವಂದನೆಯ ತೂಕ ತಿಳಿಯುತ್ತದೆ. ಅಂದು ಆಗಸ್ಟ್ 15. ಸ್ವಾತಂತ್ರ್ಯಕ್ಕೆ ಇನ್ನೂ ಹನ್ನೊಂದು ವರ್ಷಗಳಿದ್ದವು.

ಮಳೆಯಿಂದ ನೆಲ ಒದ್ದೆಯಾಗಿತ್ತು. ವಿರಾಮದ ವೇಳೆಗೆ ಭಾರತದ ಮುನ್ನಡೆ ಒಂದೇ ಗೋಲಿನದು. ಬಳಿಕ ಧ್ಯಾನ್‌ಚಂದ್ ಮುಳ್ಳಿನ ಬೂಟು ಕಳಚಿ ರಬ್ಬರ್ ಅಟ್ಟೆಯ ಹಗುರ ಪಾದರಕ್ಷೆ ಧರಿಸಿ ಆಡಿದರು. ಭಾರತ 8-1ರಿಂದ ಗೆದ್ದಿತು. ಮೂರು ಒಲಿಂಪಿಕ್ಸ್‌ಗಳ 12 ಪಂದ್ಯಗಳಲ್ಲಿ ಭಾರತ ಗಳಿಸಿದ್ದು 102 ಗೋಲು, ಬಿಟ್ಟುಕೊಟ್ಟದ್ದು ಮೂರು ಮಾತ್ರ.

ದಂತಕಥೆ ಮತ್ತು ವಾಸ್ತವ

ಹಿಟ್ಲರ್ ಜರ್ಮನಿಯ ಸೇನೆಯಲ್ಲಿ ಹುದ್ದೆ ನೀಡಲು ಬಂದನೆಂಬ ಕಥೆ, ಕೋಲಿನಲ್ಲಿ ಅಯಸ್ಕಾಂತವಿದೆಯೆಂದು ಮುರಿದು ನೋಡಿದರೆಂಬ ಕಥೆ, ವಿಯೆನ್ನಾದಲ್ಲಿ ನಾಲ್ಕು ಕೈಗಳ ಪ್ರತಿಮೆಯಿದೆಯೆಂಬ ಕಥೆ ಇಂದಿಗೂ ಚಲಾವಣೆಯಲ್ಲಿವೆ. ಇವುಗಳಿಗೆ ಗಟ್ಟಿ ದಾಖಲೆಯಿಲ್ಲ. ಅಂಕಿಗಳೇ ಸಾಕಷ್ಟು ಮಾತನಾಡುವಾಗ ಕಥೆಗಳ ಆಸರೆ ಬೇಕಿಲ್ಲ. ಸಹ ಆಟಗಾರ ಅನುಕೂಲಕರ ಸ್ಥಳದಲ್ಲಿದ್ದರೆ ಚೆಂಡನ್ನು ಆತನಿಗೆ ದಾಟಿಸುವ ಉದಾರತೆ ಅವರ ಆಟದ ನಿಜವಾದ ಗುಟ್ಟಾಗಿತ್ತು.

ಎರಡನೆಯ ಮಹಾಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲಿಲ್ಲ. ಅವರ ಪಾಲಿನ ಪದಕಗಳು ಎಷ್ಟಾಗುತ್ತಿದ್ದವೋ! 1952ರಲ್ಲಿ ಅವರ ಆತ್ಮಕಥೆ ಮದ್ರಾಸಿನಿಂದ ಪ್ರಕಟವಾಯಿತು. 1956ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಅದೇ ವರ್ಷ ಪದ್ಮಭೂಷಣ ಬಂತು. ಮುಂದೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರಾದರು.

1975ರ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ವಿಜಯದ ಗೋಲು ಹೊಡೆದದ್ದು ಮಗ ಅಶೋಕ್ ಕುಮಾರ್. ಕೊಡಗಿನ ಬಿ.ಪಿ. ಗೋವಿಂದ ಕೂಡ ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್ ಹಾಕಿ ಕೃತಕ ಹಾಸಿನ ಮೇಲೆ ನಡೆಯಿತು. ಹುಲ್ಲಿನ ನೆಲದಲ್ಲಿ ಪಳಗಿದ ಭಾರತ ಏಳನೆಯ ಸ್ಥಾನಕ್ಕಿಳಿಯಿತು. ತಾನು ಕಟ್ಟಿದ ಕೋಟೆ ಬಿರುಕು ಬಿಡುವುದನ್ನು ಮಾಂತ್ರಿಕ ಬದುಕಿದ್ದಾಗಲೇ ನೋಡಬೇಕಾಯಿತು.

ಕಡೆಯ ದಿನಗಳು ಹಣದ ಅಡಚಣೆಯಲ್ಲೂ ಅನಾರೋಗ್ಯದಲ್ಲೂ ಕಳೆದವು. 1979ರ ಡಿಸೆಂಬರ್ 3ರಂದು ದೆಹಲಿಯ ಆಸ್ಪತ್ರೆಯಲ್ಲಿ ಯಕೃತ್ತಿನ ಕ್ಯಾನ್ಸರ್‌ನಿಂದ ಕೊನೆಯುಸಿರೆಳೆದರು. ಅವರು ಆಡಿ ಬೆಳೆದ ಝಾನ್ಸಿಯ ಮೈದಾನದಲ್ಲೇ ಅಂತ್ಯಸಂಸ್ಕಾರ ನೆರವೇರಿತು.

ಗೌರವಗಳು ತಡವಾಗಿ ಬಂದವು. ಅವರ ಜನ್ಮದಿನ ರಾಷ್ಟ್ರೀಯ ಕ್ರೀಡಾ ದಿನವಾಯಿತು. ದೆಹಲಿಯ ರಾಷ್ಟ್ರೀಯ ಕ್ರೀಡಾಂಗಣಕ್ಕೆ 2002ರಲ್ಲಿ, ಖೇಲ್ ರತ್ನ ಪ್ರಶಸ್ತಿಗೆ 2021ರಲ್ಲಿ ಅವರ ಹೆಸರಿಡಲಾಯಿತು. ಕ್ರೀಡಾಪಟುವೊಬ್ಬರಿಗೆ ಮೊದಲ ಭಾರತ ರತ್ನ 2014ರಲ್ಲಿ ಸಂದಾಗ ಅದು ಕ್ರಿಕೆಟಿಗ ಸಚಿನ್ ತೆಂಡೂಲ್ಕರ್ ಅವರ ಪಾಲಾಯಿತು.

ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳ ಕಂಚಿನ ಪದಕಗಳು ಹಾಕಿಗೆ ಮರುಜೀವ ನೀಡಿವೆ. ಕೊಡಗಿನಲ್ಲಿ 1997ರಿಂದ ಕುಟುಂಬ ತಂಡಗಳ ಹಾಕಿ ಉತ್ಸವ ಬೆಳೆದುಬಂದಿದೆ. ಕೊಡಗಿನಾಚೆಯ ಊರುಗಳ ಬಯಲುಗಳಲ್ಲೂ ಮಕ್ಕಳ ಕೈಗೆ ಹಾಕಿ ಕೋಲು ಬಂದರೆ, ಬೆಳದಿಂಗಳಿಗಾಗಿ ಕಾಯುತ್ತಿದ್ದ ಆ ಸಿಪಾಯಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.