ಮರೆಯಲ್ಲಿ ನಿಂತ ಕವಿ ಮುದ್ದಣ

ಬರೆದವನಿಗೆ ಟೀಕೆ ತಪ್ಪಿದ್ದಲ್ಲ. ಹೊಲದಲ್ಲಿ ತೆನೆ ತುಂಬಿದರೆ ಹಕ್ಕಿ ಬರುವಂತೆ, ಕೃತಿಯೊಂದು ಅಚ್ಚಾದರೆ ಅದರ ಗುಣದೋಷಗಳನ್ನು ಎಣಿಸುವವರೂ ಬಂದೇ ಬರುವರು. ಕೆಲವರು ಟೀಕೆಗೆ ಪ್ರತಿಟೀಕೆಯಿಂದ ಉತ್ತರ ಕೊಡುವರು. ಕೆಲವರು ಕೇಳಿಯೂ ಕೇಳದಂತೆ ಇದ್ದುಬಿಡುವರು. ಕೆಲವರು ನೊಂದು ಲೇಖನಿಯನ್ನೇ ಕೆಳಗಿಡುವರು. ಈ ಮೂರು ದಾರಿಗಳನ್ನೂ ಬಿಟ್ಟು ನಾಲ್ಕನೆಯದನ್ನು ಹಿಡಿದ ಕವಿಯೊಬ್ಬನು ನಮ್ಮ ಕನ್ನಡದಲ್ಲಿದ್ದನು. ಆತನೇ ನಂದಳಿಕೆಯ ಲಕ್ಷ್ಮೀನಾರಣಪ್ಪ. ಮುದ್ದಣ ಎಂದರೆ ಆತನನ್ನು ಅರಿಯದ ಕನ್ನಡಿಗರು ವಿರಳ.

ಮುದ್ದಣನು 1870ರ ಜನವರಿ 24ರಂದು ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ ಜನಿಸಿದನು. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮುದ್ದಣ ಎಂಬುದು ಮನೆಯವರು ಅಕ್ಕರೆಯಿಂದ ಕರೆಯುತ್ತಿದ್ದ ಹೆಸರು. ಮನೆಯಲ್ಲಿ ಬಡತನವಿದ್ದಿತು. ಉಡುಪಿಯಲ್ಲಿ ಓದಿದ ಹುಡುಗನಿಗೆ ಉನ್ನತ ವಿದ್ಯಾಭ್ಯಾಸದ ಭಾಗ್ಯ ಒದಗಲಿಲ್ಲ. ಹೊಟ್ಟೆಯ ಪಾಡಿಗಾಗಿ ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು, ಹಿಂದಿರುಗಿ ಉಡುಪಿ ಮತ್ತು ಕುಂದಾಪುರಗಳ ಶಾಲೆಗಳಲ್ಲಿ ದುಡಿದನು. ಹಗಲೆಲ್ಲ ಮಕ್ಕಳಿಗೆ ಕವಾಯತು ಕಲಿಸುವ ಡ್ರಿಲ್ ಮಾಸ್ತರ. ಬಿಡುವು ದೊರೆತರೆ ಹಳಗನ್ನಡ ಕಾವ್ಯಗಳ ವಿದ್ಯಾರ್ಥಿ. ಯಕ್ಷಗಾನದ ನಾಡಿನಲ್ಲಿ ಬೆಳೆದ ಆತನು ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಪ್ರಸಂಗಗಳನ್ನೂ ರಚಿಸಿದನು.

ಆ ಕಾಲದಲ್ಲಿ ಕನ್ನಡ ನಾಡು ಹಂಚಿಹೋಗಿದ್ದಿತು. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅರಮನೆಯ ಆಶ್ರಯವೂ ಪಂಡಿತರ ಮನ್ನಣೆಯೂ ಘಟ್ಟದ ಮೇಲಣ ಮೈಸೂರಿನಲ್ಲಿದ್ದವು. ಅಲ್ಲಿ ಪ್ರಾಚೀನ ಕಾವ್ಯಗಳನ್ನು ಶೋಧಿಸಿ ಪ್ರಕಟಿಸುವುದಕ್ಕಾಗಿಯೇ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಎಂಬ ಪತ್ರಿಕೆಗಳು ಹೊರಡುತ್ತಿದ್ದವು. ಕರಾವಳಿಯ ಮೂಲೆಯೊಂದರ ಡ್ರಿಲ್ ಮಾಸ್ತರನು ಹಳಗನ್ನಡದಲ್ಲಿ ಕಾವ್ಯ ಬರೆದೆನೆಂದರೆ ಪಂಡಿತರು ಪುಟ ತೆರೆಯುವ ಮೊದಲೇ ನಕ್ಕುಬಿಡುವರೆಂಬ ಅಳುಕು ಆತನಿಗಿದ್ದುದು ಸಹಜವೇ. ಆದ್ದರಿಂದ ಆತನು ಒಂದು ಉಪಾಯ ಹೂಡಿದನು. ತಾನು ಬರೆದುದನ್ನು ಯಾರೋ ಹಿಂದಿನ ಕಾಲದ ಕವಿಯ ಕೃತಿ, ತನಗೆ ದೊರೆತ ಹಳೆಯ ಪ್ರತಿ ಎಂಬಂತೆ ಮೈಸೂರಿಗೆ ಕಳುಹಿಸಿದನು. 1895ರಲ್ಲಿ ‘ಅದ್ಭುತ ರಾಮಾಯಣ’ವೂ, ಬಳಿಕ ‘ಶ್ರೀರಾಮ ಪಟ್ಟಾಭಿಷೇಕ’ವೂ, 1899ರಿಂದ ‘ಶ್ರೀರಾಮಾಶ್ವಮೇಧ’ವೂ ಹೀಗೆ ಬೆಳಕು ಕಂಡವು. ಓದಿದವರು ಮೆಚ್ಚಿದರು. ಮುದ್ದಣನೆಂಬ ಕವಿ ಬಹು ಹಿಂದೆ ಬಾಳಿಹೋದವನೆಂದೇ ಹಲವರು ನಂಬಿದರು.

ಇಂತಹ ಸಂಗತಿ ಬೇರೆ ದೇಶಗಳಲ್ಲಿಯೂ ನಡೆದುದುಂಟು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಡ ಹುಡುಗ ಥಾಮಸ್ ಚಾಟರ್ಟನ್ ತನ್ನ ಕವಿತೆಗಳನ್ನು ಹದಿನೈದನೆಯ ಶತಮಾನದ ಸಂನ್ಯಾಸಿಯೊಬ್ಬನ ಹೆಸರಿನಲ್ಲಿ ಹೊರತಂದನು. ಗುಟ್ಟಿನ ಬಗೆಗೆ ಸಂಶಯ ಹುಟ್ಟಿ ಆಶ್ರಯ ತಪ್ಪಿತು. 1770ರಲ್ಲಿ, ಹದಿನೆಂಟು ತುಂಬುವ ಮೊದಲೇ, ಲಂಡನ್ನಿನಲ್ಲಿ ಸತ್ತನು. ಊರು ಬೇರೆ, ಭಾಷೆ ಬೇರೆ. ಅಳುಕು ಮಾತ್ರ ಒಂದೇ.

ಆದರೆ ಮುದ್ದಣನು ಟೀಕೆಗೆ ಹೆದರಿ ಓಡಿದವನೆಂದು ಹೇಳಿದರೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. ‘ಶ್ರೀರಾಮಾಶ್ವಮೇಧ’ವನ್ನು ಓದಿದವರಿಗೆ ಮನೋರಮೆಯನ್ನು ಪರಿಚಯಿಸಬೇಕಾಗಿಲ್ಲ. ಕವಿ ಕಥೆ ಹೇಳುವನು, ಮಡದಿ ಮನೋರಮೆ ಕೇಳುವಳು. ಅವಳು ಸುಮ್ಮನೆ ತಲೆದೂಗುವ ಶ್ರೋತೃವಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುವಳು. ಸಂಸ್ಕೃತದ ಕಠಿನ ಪದಗಳು ಬಂದರೆ ತಡೆಯುವಳು. ನಡುನಡುವೆ ಪ್ರಶ್ನಿಸುವಳು, ಹಾಸ್ಯ ಮಾಡುವಳು. ಕವಿಯೂ ಮುನಿಯದೆ ಅವಳ ಮಾತಿಗೆ ಒಲಿದು ತನ್ನ ದಾರಿಯನ್ನು ತಿದ್ದಿಕೊಳ್ಳುವನು. ಹೊರಗಿನ ವಿಮರ್ಶಕರಿಂದ ಮುಖ ಮರೆಸಿಕೊಂಡ ಕವಿಯೇ ತನ್ನ ಕೃತಿಯೊಳಗೆ ವಿಮರ್ಶಕಿಯೊಬ್ಬಳಿಗೆ ಮಣೆ ಹಾಕಿ ಕೂರಿಸಿದ್ದಾನೆ! ಆತನು ಅಂಜಿದುದು ಕೃತಿಯ ಟೀಕೆಗಲ್ಲ, ಕೃತಿಕಾರನ ಅಂತಸ್ತಿನ ಟೀಕೆಗೆ. ಮೊದಲನೆಯದು ಕಾವ್ಯವನ್ನು ಬೆಳಸುವುದು. ಎರಡನೆಯದು ಕವಿಯನ್ನು ಕೊಲ್ಲುವುದು. ಈ ಭೇದವನ್ನು ಆತನು ಚೆನ್ನಾಗಿ ಅರಿತಿದ್ದನು. ಮನೋರಮೆಯ ಒತ್ತಾಯದಿಂದ ಹುಟ್ಟಿದ ಆ ಸರಸ ಗದ್ಯವೇ ಇಂದು ಆತನಿಗೆ ಹೊಸಗನ್ನಡದ ಮುಂಗೋಳಿ ಎಂಬ ಕೀರ್ತಿಯನ್ನು ತಂದಿದೆ.

ಮರೆಯಲ್ಲಿ ನಿಂತುದಕ್ಕೆ ಆತನು ಬೆಲೆ ತೆತ್ತನು. ನಿಂದೆ ತಟ್ಟದ ಗೋಡೆಯನ್ನು ದಾಟಿ ಹೊಗಳಿಕೆಯೂ ಒಳಗೆ ಬರಲಿಲ್ಲ. ಮೈಸೂರಿನ ಮೆಚ್ಚುಗೆಯೆಲ್ಲ ಎಂದೂ ಇಲ್ಲದಿದ್ದ ಪ್ರಾಚೀನ ಕವಿಗೆ ಸಂದಿತು. ಉಡುಪಿಯ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಮಾಸ್ತರನಿಗೆ ಸಲ್ಲಲಿಲ್ಲ. ಬಡತನದ ಜೊತೆಗೆ ಕ್ಷಯರೋಗ ಸೇರಿಕೊಂಡಿತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಪತ್ನಿ ಕಮಲಾಬಾಯಿಯನ್ನೂ ಎಳೆಯ ಮಗನನ್ನೂ ಬಿಟ್ಟು ಆತನು ತೀರಿಕೊಂಡನು. ಆ ಹಳೆಯ ಕವಿ ಈತನೇ ಎಂಬುದು ನಾಡಿಗೆಲ್ಲ ತಿಳಿದುದು ಅನಂತರ.

ನೂರಿಪ್ಪತ್ತು ವರ್ಷಗಳ ಮೇಲೆ ಈ ಕಥೆಯನ್ನು ನಾವು ಏಕೆ ನೆನೆಯಬೇಕು? ಪೀಣ್ಯದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಲ್ಲುವವರ, ಗಾರ್ಮೆಂಟ್ಸಿನಲ್ಲಿ ಹೊಲಿಯುವವರ ಮಕ್ಕಳು ನಮ್ಮ ಕಾಲೇಜಿನಲ್ಲಿ ಬಹುಮಂದಿ. ನನ್ನಂತೆಯೇ ಮನೆಯಲ್ಲಿ ಮೊದಲು ಪದವಿಯ ಮೆಟ್ಟಿಲು ಹತ್ತಿದವರು. ಚೆನ್ನಾಗಿ ಬರೆಯಬಲ್ಲವರು ಇವರಲ್ಲಿ ಇದ್ದಾರೆ. ಆದರೆ ಭಿತ್ತಿಪತ್ರಿಕೆಗೆ ಕವಿತೆ ಕೊಡುವಾಗ ಹೆಸರು ಹಾಕಬೇಡಿರೆನ್ನುವರು. ನಮ್ಮಂಥವರು ಬರೆದರೆ ಯಾರು ಓದುವರೆಂಬ ಮುದ್ದಣನ ಅಳುಕು ಇನ್ನೂ ಸತ್ತಿಲ್ಲ.

ಅವರಿಗೆ ನಾನು ಹೇಳುವುದಿಷ್ಟೆ. ಮುದ್ದಣನ ಮರೆಯನ್ನು ಬಿಡೋಣ, ಆತನ ಮನೋರಮೆಯನ್ನು ಇಟ್ಟುಕೊಳ್ಳೋಣ. ಬರೆದುದನ್ನು ಮುಖ ನೋಡದೆ ತಿದ್ದುವ ಒಬ್ಬ ಗೆಳತಿಯೋ ಗೆಳೆಯನೋ ಗುರುವೋ ನಮಗಿರಲಿ. ಅವರ ಮಾತು ಕಹಿಯಾದರೂ ಕೇಳೋಣ. ಹುಟ್ಟು, ಮನೆ, ಕಸುಬುಗಳನ್ನು ಹಿಡಿದು ಆಡುವ ಮಾತು ವಿಮರ್ಶೆಯಲ್ಲವೆಂದು ತಿಳಿದು ಮುಂದೆ ನಡೆಯೋಣ. ಬರಹದ ಕೆಳಗೆ ನಮ್ಮ ಹೆಸರನ್ನು ನಾವೇ ಬರೆಯೋಣ. ಓದುವವರೂ ಹೆಸರನ್ನು ನೋಡುವ ಮುನ್ನ ಬರಹವನ್ನು ನೋಡಲಿ. ಹಾಗೆ ನಡೆದಲ್ಲಿ ನಂದಳಿಕೆಯ ಆ ಬಡ ಮಾಸ್ತರನಿಗೆ ಸಲ್ಲಬೇಕಾಗಿದ್ದ ಋಣದಲ್ಲಿ ಕಿಂಚಿತ್ತಾದರೂ ತೀರೀತು.