ಅಂಡಾಣುವಿನ ಗುಟ್ಟು ಬಿಡಿಸಿದ ಅರ್ನೆಸ್ಟ್ ಜಸ್ಟ್

1883ರಲ್ಲಿ ಅಮೆರಿಕದ ಚಾರ್ಲ್‌ಸ್ಟನ್‌ನಲ್ಲಿ ಜನಿಸಿದ ಅರ್ನೆಸ್ಟ್ ಎವರೆಟ್ ಜಸ್ಟ್, ಕಪ್ಪುವರ್ಣೀಯರು ಓದುತ್ತಿದ್ದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಕರಾಗಿದ್ದರು. 1909ರಿಂದ ಸುಮಾರು ಎರಡು ದಶಕ ಬೇಸಿಗೆಯಲ್ಲಿ ವುಡ್ಸ್ ಹೋಲ್ ಕಡಲತೀರದ ಪ್ರಯೋಗಾಲಯದಲ್ಲಿ ಕಡಲಜೀವಿಗಳ ಅಂಡಾಣುಗಳನ್ನು ಅಭ್ಯಸಿಸಿದರು. ವೀರ್ಯಾಣು ತಾಗಿದ ಕಡೆಯಿಂದ ಅಂಡಾಣುವಿನ ಹೊರಪದರದಲ್ಲಿ ಬದಲಾವಣೆಯೊಂದು ಅಲೆಯಂತೆ ಹಬ್ಬಿ, ಮತ್ತೊಂದು ವೀರ್ಯಾಣುವಿನ ಪ್ರವೇಶವನ್ನು ತಡೆಯುತ್ತದೆಂದು ಕಂಡುಕೊಂಡರು.

1916ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಡಾಕ್ಟರೇಟ್ ದೊರೆತರೂ, ಮೈಬಣ್ಣದ ಕಾರಣ ಬಿಳಿಯರ ವಿದ್ಯಾಸಂಸ್ಥೆಗಳಲ್ಲಿ ಅವರಿಗೆ ಹುದ್ದೆ ದೊರೆಯಲಿಲ್ಲ. ಬೇಸತ್ತ ಜಸ್ಟ್ 1929ರಿಂದ ಸಂಶೋಧನೆಗಾಗಿ ಯೂರೋಪಿನತ್ತ ಮುಖಮಾಡಿದರು. ನೇಪಲ್ಸ್, ಬರ್ಲಿನ್‌ಗಳ ಪ್ರಯೋಗಾಲಯಗಳು ಅವರನ್ನು ಗೌರವದಿಂದ ಬರಮಾಡಿಕೊಂಡವು. ಜೀವಕೋಶದ ಹೊರಮೈ ಕುರಿತ ಅವರ ಮಹತ್ವದ ಗ್ರಂಥ 1939ರಲ್ಲಿ ಪ್ರಕಟವಾಯಿತು.

ಮರುವರ್ಷ ಫ್ರಾನ್ಸ್‌ನಲ್ಲಿ ಜರ್ಮನ್ನರ ಸೆರೆಶಿಬಿರ ಕಂಡು, ಬಿಡುಗಡೆಯಾಗಿ ತಾಯ್ನಾಡಿಗೆ ಮರಳಿದ ಅವರು 1941ರ ಅಕ್ಟೋಬರ್ 27ರಂದು ಕ್ಯಾನ್ಸರ್‌ನಿಂದ ನಿಧನರಾದರು. ಅಮೆರಿಕ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದದ್ದು 1996ರಲ್ಲಿ.